ಕೊಲೆಸ್ಟ್ರಾಲ್ ನಾರ್ಮಲ್ ಇದ್ದರೂ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಯ್ತು, ಬಿಳಿ ರಕ್ತಕಣ ಜಾಸ್ತಿ ಇದ್ದದ್ದೇ ಕಾರಣವಾ?

ಸಿಂಧನೂರಿನಿಂದ ನೀವು ಕೇಳಿರುವುದು ಇಷ್ಟು: ರೈಸ್ ಮಿಲ್‌ನಲ್ಲಿ ಕೆಲಸ ಮಾಡುವ, ಬೀಡಿ ಸೇದುವ ನಿಮ್ಮ ತಂದೆಯವರಿಗೆ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಅಡ್ಮಿಟ್ ಆದ ದಿನ ಬಿಳಿ ಕಣ 14,000 ಬಂದಿತ್ತು. ಅದಕ್ಕೆ ಆ್ಯಂಟಿಬಯೋಟಿಕ್ ಕೊಡಿಸಬೇಕಾ ಅಂತ ನಿಮ್ಮ ಚಿಂತೆ.

ಬರೀ ಆ ಸಂಖ್ಯೆ ನೋಡಿ ಕೊಡಿಸಬೇಡಿ. 14,000 ಬಂದದ್ದು ಅಟ್ಯಾಕ್ ಆದ ಮೇಲೆ, ಅಲ್ವಾ? ಹೃದಯದ ಸ್ನಾಯು ಒಂದಿಷ್ಟು ಸತ್ತಾಗ ಮೊದಲ ದಿನವೇ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಅಲ್ಲಿಗೆ ನುಗ್ಗುತ್ತವೆ, ಅವುಗಳ ಹಿಂದೆ ಮೋನೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು. ಗಾಯ ಮಾಯಲು ಅವು ಬೇಕೇ ಬೇಕು. ಜ್ವರ, ಕಫ ಏನಾದರೂ ಇದ್ದರೆ ಮಾತು ಬೇರೆ, ಅದನ್ನು ಡಾಕ್ಟರ್ ನೋಡುತ್ತಾರೆ. ಹೃದಯದ ಕಾಯಿಲೆ ತಡೆಯಲು ಅಜಿಥ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟು ದೊಡ್ಡ ಟ್ರಯಲ್‌ಗಳಲ್ಲೇ (ರೋಗಿಗಳ ಮೇಲೆ ಔಷಧಿ ಪರೀಕ್ಷಿಸುವ ಅಧ್ಯಯನ) ನೋಡಿದ್ದಾರೆ. ಪ್ರಯೋಜನ ಆಗಲಿಲ್ಲ.

ಹಾಗಂತ ಬಿಳಿ ಕಣಗಳ ಕೈವಾಡವೇ ಇಲ್ಲ ಅಂತಲ್ಲ. ಅದು ಶುರುವಾಗುವುದು ಎಷ್ಟೋ ವರ್ಷ ಮೊದಲು.

ನಾನು ಗಂಗಾವತಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಸ್ಲೈಡಿಗೆ ಲೀಶ್ಮನ್ ಬಣ್ಣ ಹಾಕಿ, ಒಂದು ಹನಿ ಎಣ್ಣೆ ಬಿಟ್ಟು ಲೆನ್ಸ್ ಇಳಿಸಿದರೆ ಮೋನೋಸೈಟ್ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಬಿಳಿ ಕಣಗಳಲ್ಲೆಲ್ಲ ಅದೇ ದೊಡ್ಡದು. ಬೂದು ಬೆರೆತ ನೀಲಿ ಮೈ, ಒಂದು ಕಡೆ ಒಳಕ್ಕೆ ಬಾಗಿದ ನ್ಯೂಕ್ಲಿಯಸ್. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಬಹುಪಾಲು ಇದರಲ್ಲೇ.

ನಮ್ಮ ಎಡದಂಡೆ ನಾಲೆಯಲ್ಲಿ ಹೂಳು ತುಂಬಿದ ಹಾಗೆ ರಕ್ತನಾಳದಲ್ಲಿ ಕೊಬ್ಬು ತುಂಬುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ನಿಜಕ್ಕೂ ಕೊಬ್ಬು ಸೇರುವುದು ನಾಳದ ಗೋಡೆಯ ಒಳಗೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಎಲ್‌ಡಿಎಲ್ ಎಂಬ ಕಣ ಗೋಡೆಯೊಳಗೆ ನುಸುಳಿ ಕೆಡುತ್ತದೆ. ಆಗ ಮೇಲಿನ ಪದರದ ಕೋಶಗಳು ಅಂಟುವಂಥ ಪ್ರೋಟೀನ್‌ಗಳನ್ನು ಹೊರಗೆ ಚಾಚುತ್ತವೆ. ಹರಿದು ಹೋಗುತ್ತಿದ್ದ ಮೋನೋಸೈಟ್ ಅಲ್ಲಿ ಅಂಟಿಕೊಂಡು, ಒಳಗೆ ತೂರಿ, ಮ್ಯಾಕ್ರೋಫೇಜ್ ಎಂಬ ನುಂಗುವ ಕೋಶವಾಗಿ ಆ ಕೆಟ್ಟ ಕೊಬ್ಬನ್ನು ನುಂಗುತ್ತದೆ. ನುಂಗಿ ನುಂಗಿ ಉಬ್ಬಿ ಅಲ್ಲೇ ಸಾಯುತ್ತದೆ. ಸಾಯುವ ಮೊದಲು ಇನ್ನಷ್ಟು ಬಿಳಿ ಕಣಗಳನ್ನು ಕರೆದಿರುತ್ತದೆ. ಬಿಳಿ ಕಣಗಳ ಈ ಹೋರಾಟ, ಅಂದರೆ ಉರಿಯೂತ (ಇನ್‌ಫ್ಲಮೇಶನ್), ವರ್ಷಗಟ್ಟಲೆ ನಡೆದು ಒಳಗೆ ಕೊಬ್ಬಿನ ತಿರುಳು, ಮೇಲೆ ಒಂದು ಹೊದಿಕೆ ಆಗುತ್ತದೆ. ಉರಿಯೂತ ಜೋರಾದರೆ ಮ್ಯಾಕ್ರೋಫೇಜ್ ಬಿಡುವ ಕಿಣ್ವಗಳು ಆ ಹೊದಿಕೆಯನ್ನೇ ಕರಗಿಸುತ್ತವೆ. ಅದು ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ನಿನ್ನೆಯವರೆಗೆ ಮೂಟೆ ಹೊತ್ತವರಿಗೆ ಇವತ್ತು ಅಟ್ಯಾಕ್ ಆಗುವುದು ಹೀಗೆ. ಅದಕ್ಕೆ ದೊಡ್ಡ ಬ್ಲಾಕೇ ಇರಬೇಕು ಅಂತಿಲ್ಲ.

ಉರಿಯೂತ ಇಳಿಸಿದರೆ ಅಟ್ಯಾಕ್ ಕಡಿಮೆ ಆಗುತ್ತದಾ? 2017ರಲ್ಲಿ ಕ್ಯಾಂಟೋಸ್ ಎಂಬ ಟ್ರಯಲ್ ಇದಕ್ಕೆ ಉತ್ತರ ಕೊಟ್ಟಿತು. ಮೊದಲೇ ಅಟ್ಯಾಕ್ ಆಗಿದ್ದ 10,061 ಜನರಲ್ಲಿ ಕೆನಾಕಿನುಮ್ಯಾಬ್ ಎಂಬ ಇಂಜೆಕ್ಷನ್ ನೋಡಿದರು. ಅದು ಎಲ್‌ಡಿಎಲ್ ಇಳಿಸಲಿಲ್ಲ, ಉರಿಯೂತ ಮಾತ್ರ ಇಳಿಸಿತು. ಆದರೂ 150 ಮಿಲಿಗ್ರಾಂ ಪಡೆದವರಲ್ಲಿ ಅಟ್ಯಾಕ್, ಸ್ಟ್ರೋಕ್, ಹೃದಯದ ಕಾಯಿಲೆಯ ಸಾವು ಒಟ್ಟಾರೆ 15% ಕಡಿಮೆಯಾದವು. ಆದರೆ ಸೋಂಕಿನಿಂದ ಸತ್ತವರು ಹೆಚ್ಚಿದರು. ಬಿಳಿ ಕಣಗಳ ಕೈ ಕಟ್ಟಿದರೆ ಸೋಂಕಿನ ಜೊತೆ ಹೋರಾಡುವವರು ಯಾರು? ಗೌಟ್ ಎಂಬ ಕೀಲುನೋವಿಗೆ ಕೊಡುವ ಕಾಲ್ಚಿಸಿನ್ ಮಾತ್ರೆಯನ್ನು ಕೆಲವು ಹೃದ್ರೋಗಿಗಳಿಗೆ ಈಗ ಕೊಡುತ್ತಾರೆ. 2020ರ ಟ್ರಯಲ್‌ನಲ್ಲಿ ಒಳ್ಳೆಯ ಫಲಿತಾಂಶ ಬಂತು, 2024ರಲ್ಲಿ ಅಟ್ಯಾಕ್ ಆದ ಕೂಡಲೇ ಕೊಟ್ಟು ನೋಡಿದಾಗ ಪ್ರಯೋಜನ ಕಾಣಲಿಲ್ಲ. ಕಿಡ್ನಿ ಸರಿ ಇಲ್ಲದವರಿಗೆ ಅದು ಅಪಾಯ. ನೀವೇ ಮೆಡಿಕಲ್ ಶಾಪಿನಿಂದ ತಂದು ಕೊಡಬೇಡಿ.

ಇನ್ನು ಆ 'ನಾರ್ಮಲ್' ಕೊಲೆಸ್ಟ್ರಾಲ್ ರಿಪೋರ್ಟ್. ಅದರಲ್ಲಿ ಛಾಪಿಸಿರುವ ಮಿತಿ ಆರೋಗ್ಯವಂತರಿಗೆ. ಅಟ್ಯಾಕ್ ಆದವರಿಗೆ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು, ಈಗ ಅನೇಕ ಡಾಕ್ಟರು 55ಕ್ಕಿಂತ ಕೆಳಗೆ ಇಳಿಸುತ್ತಾರೆ. ಸ್ಟ್ಯಾಟಿನ್ ಮಾತ್ರೆ ಎಲ್‌ಡಿಎಲ್ ಜೊತೆ ಉರಿಯೂತವನ್ನೂ ತಗ್ಗಿಸುತ್ತದೆ. ರಿಪೋರ್ಟ್ ಚೆನ್ನಾಗಿದೆ ಅಂತ ಅದನ್ನು ಬಿಡಿಸಬೇಡಿ, ದಯವಿಟ್ಟು.

ಉರಿಯೂತ ಎಷ್ಟಿದೆ ಅಂತ ತೋರಿಸುವ ಎಚ್‌ಎಸ್-ಸಿಆರ್‌ಪಿ ಎಂಬ ರಕ್ತ ಪರೀಕ್ಷೆ ಮಾಡಿಸುವುದಾದರೆ ಮೈಯಲ್ಲಿ ಬೇರೆ ಯಾವ ಸೋಂಕೂ ಇಲ್ಲದಾಗ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಒಳ್ಳೆಯದು, 3 ದಾಟಿದರೆ ಅಪಾಯ ಜಾಸ್ತಿ. 10 ದಾಟಿದರೆ ಸಾಮಾನ್ಯವಾಗಿ ಕಾರಣ ಬೇರೆ ಇರುತ್ತದೆ. ಚಿಕೂನ್‌ಗುನ್ಯಾ ಬಂದುಹೋದ ಕೂಡಲೇ ಪ್ಯಾಕೇಜ್ ಟೆಸ್ಟ್ ಮಾಡಿಸಿ, ಸಿಆರ್‌ಪಿ ನೋಡಿ ಹೆದರಿ ಬರುವವರನ್ನು ನಾನು ನೋಡುತ್ತಲೇ ಇರುತ್ತೇನೆ.

ಎಲ್ಲಕ್ಕಿಂತ ಮುಖ್ಯ ಬೀಡಿ. ಸೇದುವವರ ಬಿಳಿ ಕಣದ ಎಣಿಕೆ ಯಾವ ಕಾಯಿಲೆ ಇಲ್ಲದಾಗಲೂ ಮೇಲೆಯೇ ಇರುತ್ತದೆ, ಬಿಟ್ಟರೆ ಇಳಿಯುತ್ತದೆ. ಬೀಡಿ ಬಿಟ್ಟು ಗುಟ್ಕಾ ಹಿಡಿದರೆ ಬಿಟ್ಟಂತಲ್ಲ. ವಸಡಿನ ಕಾಯಿಲೆಯೂ ಉರಿಯೂತವೇ, ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿ. ಮಿಲ್‌ನ ಧೂಳಿಗೆ ಮಾಸ್ಕ್ ಹಾಕಿಕೊಳ್ಳಲಿ. ಮುಂದಿನ ಚೆಕಪ್‌ಗೆ ಹೋದಾಗ ಫ್ಲೂ ಲಸಿಕೆ ಬಗ್ಗೆ ಕೇಳಿ. ಅಟ್ಯಾಕ್ ಆದವರಿಗೆ ಅದರಿಂದ ಲಾಭ ಇದೆ ಅಂತ 2021ರ ಟ್ರಯಲ್‌ನಲ್ಲಿ ಕಂಡುಬಂದಿದೆ, ನಮ್ಮ ಕಡೆ ಅದನ್ನು ಕೇಳಿ ಹಾಕಿಸಿಕೊಳ್ಳುವವರು ಕಡಿಮೆ.