ಕೊಯ್ಲಿನ ಕಾಲದಲ್ಲಿ ಮರಳಿದ ಮೂರ್ಛೆ
ಮೂಡಿಗೆರೆ ತೋಟದಲ್ಲಿ ಕಾಫಿ ಕೊಯ್ಲು ಶುರುವಾದ ಮೇಲೆ ನಿಮ್ಮ ತಮ್ಮನಿಗೆ ಮೂರ್ಛೆ (ಫಿಟ್ಸ್) ಮರಳಿದ್ದಕ್ಕೆ ನಿದ್ದೆಗೇಡು ಮತ್ತು ತಪ್ಪಿದ ರಾತ್ರಿ ಮಾತ್ರೆ ಕಾರಣವಿರಬಹುದು. ನನಗೂ ಹೀಗೇ ಆಗಿತ್ತು. ಖಚಿತವಾಗಿ ಹೇಳಬೇಕಾದವರು ನರರೋಗ ತಜ್ಞರು. ಮೊದಲು ಮಾತ್ರೆಗೆ ಮೊಬೈಲಿನಲ್ಲಿ ಅಲಾರಂ ಇಡಿ. ಮೂರ್ಛೆ ಬಂದ ದಿನ, ಹೊತ್ತು, ಹಿಂದಿನ ರಾತ್ರಿಯ ನಿದ್ದೆ ಬರೆದಿಟ್ಟು ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಮೆಣಸು ಕೊಯ್ಯಲು ಏಣಿ ಹತ್ತುವುದು, ಬೈಕು, ಕೆರೆಯ ಈಜು ಬೇಡವೇ ಬೇಡ.

ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಟ್ಟರೆ ಏನೂ ಪ್ರಯೋಜನವಾಗದು. ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯಬಹುದು. ಇದನ್ನು ಜೊತೆ ಕೆಲಸದವರಿಗೆ ದಯವಿಟ್ಟು ಬಿಡಿಸಿ ಹೇಳಿ. ಪಕ್ಕಕ್ಕೆ ಹೊರಳಿಸಿ, ತಲೆಯಡಿಗೆ ಕಂಬಳಿ ಮಡಚಿಟ್ಟು, ಗಡಿಯಾರ ನೋಡಲಿ. 5 ನಿಮಿಷ ದಾಟಿದರೆ ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಬೇಕು. ತೋಟದಲ್ಲಿ ಸಿಗ್ನಲ್ ಸಿಗದಿದ್ದರೆ ಯಾರ ಜೀಪು ಬರುತ್ತದೆಂದು ಇಂದೇ ಮಾತಾಡಿಟ್ಟುಕೊಳ್ಳಿ.