ಕುದುರೆ ಕುಂಟುತ್ತಿದೆ: ಎಕ್ಸ್‌ರೇ ಸಾಕಾ, ನೇರ ಎಂಆರ್‌ಐ ಮಾಡಿಸಬೇಕಾ?

ಮುಂಗಾಲಿನ ಕುಂಟು ಟ್ರಾಟ್‌ನಲ್ಲಿ (ನಡಿಗೆಗಿಂತ ಚುರುಕಾದ ಕುಲುಕು ಓಟ) ಮಾತ್ರ ಕಾಣುತ್ತದೆ, ನೋವಿನ ಪುಡಿ ಹಾಕಿದರೆ ಹೋಗುತ್ತದೆ, ನಿಲ್ಲಿಸಿದರೆ ವಾಪಸ್ ಬರುತ್ತದೆ ಅಂತ ಬರೆದಿದ್ದೀರಿ. ಎಕ್ಸ್‌ರೇನಾ, ಎಂಆರ್‌ಐನಾ ಅನ್ನೋದು ನಿಮ್ಮ ಪ್ರಶ್ನೆ. ನನ್ನ ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಆ ಪುಡಿಯ ವಿಷಯ ಮಾತಾಡೋಣ.

ನನ್ನ ಹೆಣ್ಣು ಕುದುರೆಗೂ ಹೀಗೇ ಆಗಿತ್ತು. ಎಡ ಮುಂಗಾಲು. ನಡೆಯುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಎಡಕ್ಕೆ ಸುತ್ತು ಹೊಡೆಸಿದರೆ ಮಾತ್ರ ತಲೆ ತೂಗುತ್ತಿದ್ದಳು. ನೋವಿರುವ ಮುಂಗಾಲು ನೆಲಕ್ಕೆ ತಾಗುವಾಗ ಕುದುರೆ ತಲೆ ಮೇಲೆತ್ತುತ್ತದೆ, ಒಳ್ಳೆ ಕಾಲು ತಾಗುವಾಗ ಇಳಿಸುತ್ತದೆ. ಮೈಭಾರದ ಸುಮಾರು ಶೇ 60 ಮುಂಗಾಲುಗಳ ಮೇಲೇ ಇರುವುದರಿಂದ, ಅಷ್ಟಾದರೂ ಹಗುರವಾಗಲಿ ಅಂತ ಅದರ ಪ್ರಯತ್ನ.

ಡಾಕ್ಟರ್ ಬರುವ ಹಿಂದಿನ ರಾತ್ರಿ ಅವಳಿಗೆ ಬ್ಯೂಟ್ ಕೊಟ್ಟೆ. ಅದೇ ಫಿನೈಲ್‌ಬ್ಯುಟಜೋನ್ ಅನ್ನುವ ನೋವಿನ ಔಷಧಿ, ಬಹುಶಃ ನೀವು ಕೊಡುತ್ತಿರುವುದೂ ಅದೇ. ಮೋಸ ಮಾಡಬೇಕು ಅಂತಲ್ಲ. ಸಂಜೆ ಲಾಯದಲ್ಲಿ ಆ ಕಾಲನ್ನು ಮುಂದಕ್ಕೆ ಚಾಚಿಕೊಂಡು ನಿಂತಿದ್ದಳು, ನೋಡೋಕೆ ಆಗಲಿಲ್ಲ. ಬೆಳಿಗ್ಗೆ ಹೇಗೂ ಡಾಕ್ಟರ್ ಬರುತ್ತಾರೆ, ಒಂದು ರಾತ್ರಿ ಆರಾಮಾಗಿರಲಿ ಅಂದುಕೊಂಡೆ. ಬೆಳಿಗ್ಗೆ ಅವರು ಔಷಧಿ ಏನಾದರೂ ಕೊಟ್ಟಿದ್ದೀರಾ ಅಂತ ಕೇಳಿದರು. ಇವತ್ತು ಏನೂ ಕೊಟ್ಟಿಲ್ಲ ಅಂದೆ. ಸುಳ್ಳೇನಲ್ಲ. ಆದರೆ ನಿನ್ನೆ ರಾತ್ರಿಯದ್ದು ಹೇಳಿದರೆ ಬೈದು ವಾಪಸ್ ಹೋಗುತ್ತಾರೇನೋ ಅಂತ ಬಾಯಿ ಮುಚ್ಚಿಕೊಂಡೆ.

ಬ್ಯೂಟ್ ಒಂದು ದಿನ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಕೆಲಸ ಮಾಡುತ್ತದೆ. ರಕ್ತದಲ್ಲಿ ಕಡಿಮೆಯಾದ ಮೇಲೂ ಉರಿಯೂತ ಇರುವ ಜಾಗದಲ್ಲಿ ಉಳಿದುಕೊಂಡಿರುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಬೆಳಗಾದರೆ ಇಳಿದುಹೋಗಿರುತ್ತದೆ ಅಂತಲೇ ನನ್ನ ಲೆಕ್ಕ. ಹಿಂದಿನ ವಾರ ಸುತ್ತು ಹೊಡೆಸಿದಾಗಲೆಲ್ಲ ಕುಂಟಿದವಳು ಅವತ್ತು ಡಾಕ್ಟರ ಮುಂದೆ ಮೆರವಣಿಗೆ ಕುದುರೆಯ ಹಾಗೆ ಓಡಿದಳು.

ಇದರಿಂದ ನಷ್ಟ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಕುದುರೆಗೆ ಎಲ್ಲಿ ನೋಯುತ್ತಿದೆ ಅಂತ ತಿಳಿಯೋಕೆ ನರವನ್ನು ಮರಗಟ್ಟಿಸಿ ನೋಡುತ್ತಾರೆ. ನರ್ವ್ ಬ್ಲಾಕ್ ಅನ್ನುವುದು ಇದನ್ನೇ. ಕೆಳಗಿನಿಂದ ಶುರು. ಗೊರಸಿನ ಹಿಮ್ಮಡಿಯ ಹತ್ತಿರ ಹಾದುಹೋಗುವ ನರದ ಪಕ್ಕ ಒಂದಿಷ್ಟು ಅರಿವಳಿಕೆ ಚುಚ್ಚಿ, ಐದು ಹತ್ತು ನಿಮಿಷ ಕಾದು, ಮತ್ತೆ ಓಡಿಸುತ್ತಾರೆ. ಕುಂಟು ಮಾಯವಾದರೆ ನೋವು ಗೊರಸಿನಲ್ಲೇ ಇದೆ ಅಂತ ಹೆಚ್ಚುಕಡಿಮೆ ಹೇಳಬಹುದು. ಹೋಗದಿದ್ದರೆ ಇನ್ನೊಂದು ಹಂತ ಮೇಲಕ್ಕೆ, ಮತ್ತೆ ಚುಚ್ಚಿ, ಮತ್ತೆ ಓಡಿಸಿ. ಮನೆಯಲ್ಲಿ ಯಾವ ಲೈನ್ ಕೆಟ್ಟಿದೆ ಅಂತ ಒಂದೊಂದೇ ಫ್ಯೂಸ್ ತೆಗೆದು ನೋಡುವ ಹಾಗೆ. ಇಡೀ ಪರೀಕ್ಷೆ ನಿಂತಿರುವುದು ಒಂದೇ ವಿಷಯದ ಮೇಲೆ: ಶುರುವಿನಲ್ಲಿ ಕುಂಟು ಕಣ್ಣಿಗೆ ಕಾಣಬೇಕು. ಕುಂಟನ್ನು ನಾನು ಹಿಂದಿನ ರಾತ್ರಿಯೇ ತೆಗೆದುಬಿಟ್ಟಿದ್ದೆ. ಇನ್ನು ಮಾಯವಾಗೋಕೆ ಉಳಿದದ್ದೇನು?

ಇವತ್ತು ಬ್ಲಾಕ್ ಮಾಡಿ ಪ್ರಯೋಜನ ಇಲ್ಲ, ಇನ್ನೊಂದು ದಿನ ನೋಡೋಣ ಅಂದರು ಡಾಕ್ಟರ್. ಸುಮ್ಮನಿರುವುದು ಬಿಟ್ಟು, ಬಂದಿದ್ದೀರಲ್ಲ, ಎಕ್ಸ್‌ರೇ ಆದರೂ ತೆಗೀರಿ ಅಂತ ಹಠ ಮಾಡಿದೆ. ಗೊರಸಿಗಿಂತ ಸ್ವಲ್ಪ ಮೇಲಿರುವ ಫೆಟ್ಲಾಕ್ ಕೀಲಿನ ಅಂಚಿನಲ್ಲಿ ಸಣ್ಣದೊಂದು ಮೂಳೆ ಬೆಳವಣಿಗೆ ಕಂಡಿತು. ದುಡಿದ ಕುದುರೆಯ ಎಕ್ಸ್‌ರೇ ತೆಗೆದರೆ ಇಂಥದ್ದು ಏನಾದರೂ ಸಿಗುವುದೇ ಜಾಸ್ತಿ, ಇದೇ ಕಾರಣ ಅನ್ನೋಕಾಗದು ಅಂತ ಅವರೂ ಹೇಳಿದರು. ಆದರೆ ಕಣ್ಣಿಗೆ ಕಾಣುವ ಒಂದು ಕಾರಣ ಸಿಕ್ಕಿತ್ತಲ್ಲ, ನಾನು ಅದಕ್ಕೇ ಜೋತುಬಿದ್ದೆ. ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಆಯಿತು. ಒಂದಿಷ್ಟು ದಿನ ವಿಶ್ರಾಂತಿ ಕೊಟ್ಟೆ, ಕುಂಟು ಕಡಿಮೆಯಾಯಿತು. ಅದು ಇಂಜೆಕ್ಷನ್‌ನಿಂದಲ್ಲ, ವಿಶ್ರಾಂತಿಯಿಂದ ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಮತ್ತೆ ಸವಾರಿ ಶುರು ಮಾಡಿ, ಜಿಗಿಸಿಯೂ ಆಗಿತ್ತು.

ಕುಂಟು ಜೋರಾಗಿ ವಾಪಸ್ ಬಂದಾಗ ಅದೇ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬ್ಯೂಟ್ ಮೈಯಿಂದ ಹೋಗುವಷ್ಟು ದಿನ ಕಾದು ಬಂದರು. ಹಿಮ್ಮಡಿಯ ಹತ್ತಿರ ಮೊದಲ ಬ್ಲಾಕ್‌ಗೇ ಕುಂಟು ಹೋಯಿತು. ಫೆಟ್ಲಾಕ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಗೊರಸಿನ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆಮೇಲೆ ಎಂಆರ್‌ಐ. ಗೊರಸಿನೊಳಗೆ ನ್ಯಾವಿಕ್ಯುಲರ್ ಅನ್ನುವ ಸಣ್ಣ ಮೂಳೆಯ ಹಿಂದೆ ಹಾದುಹೋಗುವ ಆಳದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಉದ್ದಕ್ಕೆ ಸೀಳಿತ್ತು. ಹರಿದ ಟೆಂಡನ್ ಮೊದಲಿನ ಹಾಗೆ ಕೂಡುವುದಿಲ್ಲ, ಗಾಯದ ಅಂಗಾಂಶದಿಂದ ತುಂಬಿಕೊಳ್ಳುತ್ತದೆ, ಅದಕ್ಕೆ ಮೊದಲಿನ ಹಾಗೆ ಹಿಗ್ಗಿ ಕುಗ್ಗುವ ಗುಣ ಇರುವುದಿಲ್ಲ. ತಿಂಗಳುಗಟ್ಟಲೆ ಕೈಯಲ್ಲಿ ಹಿಡಿದು ನಡೆಸಿದೆವು. ಈಗ ಹಗುರ ಸವಾರಿಗೆ ಅಡ್ಡಿಯಿಲ್ಲ. ಜಿಗಿತ ಮುಗಿಯಿತು.

ಹಾಗಾದರೆ ಮೊದಲೇ ಎಂಆರ್‌ಐ ಮಾಡಿಸಬಹುದಿತ್ತಲ್ಲ ಅಂತ ಕೇಳುತ್ತೀರಿ. ಎಲ್ಲಿಗೆ? ನಿಂತ ಕುದುರೆಗೆ ಮಂಪರು ಕೊಟ್ಟು ಮಾಡುವ ಎಂಆರ್‌ಐ ಒಂದು ಸಲಕ್ಕೆ ನೋಡುವುದು ಕಾಲಿನ ಸಣ್ಣ ಭಾಗವನ್ನು ಮಾತ್ರ, ಅದಕ್ಕೂ ತುಂಬಾ ಹೊತ್ತು ಬೇಕು. ಅವತ್ತು ಹೋಗಿದ್ದರೆ ನಾನು ಫೆಟ್ಲಾಕನ್ನೇ ತೋರಿಸಿರುತ್ತಿದ್ದೆ. ಎಕ್ಸ್‌ರೇ ತೋರಿಸುವುದು ಮುಖ್ಯವಾಗಿ ಮೂಳೆಯನ್ನು. ಅಲ್ಟ್ರಾಸೌಂಡ್ ಕಾಲಿನ ಮೇಲ್ಭಾಗದ ಟೆಂಡನ್‌ಗಳಿಗೆ ಬಹಳ ಒಳ್ಳೆಯದು, ಆದರೆ ಗೊರಸಿನ ಗೋಡೆ ದಾಟಿ ಒಳಗೆ ಹೋಗುವುದಿಲ್ಲ. ಯಾವ ಯಂತ್ರ ಬೇಕು ಅನ್ನೋದನ್ನ ನೋವಿನ ಜಾಗ ತೀರ್ಮಾನ ಮಾಡುತ್ತದೆ. ನಾನೂ ನೀವೂ ಅಲ್ಲ. ಬ್ಲಾಕ್‌ನಲ್ಲೂ ಜಾಗ ಸಿಗದಿದ್ದರೆ ಮೂಳೆ ಸ್ಕ್ಯಾನ್ ಇದೆ, ಆ ಮಾತು ಆಗ.

ಆದ್ದರಿಂದ ಡಾಕ್ಟರಿಗೆ ಫೋನ್ ಮಾಡಿ, ಪುಡಿ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಕೇಳಿ. ಯಾವುದು, ಎಷ್ಟು, ಕೊನೆಗೆ ಯಾವಾಗ ಕೊಟ್ಟಿರಿ ಅಂತ ಬರೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ಸವಾರಿ ಬೇಡ. ಪುಡಿ ಹಾಕಿ ಸವಾರಿ ಮಾಡುತ್ತಿದ್ದರಂತೂ ಇವತ್ತೇ ನಿಲ್ಲಿಸಿ. ಬ್ಯೂಟ್ ದಿನಾ ಕೊಟ್ಟರೆ ಹೊಟ್ಟೆಯಲ್ಲಿ, ಕರುಳಿನಲ್ಲಿ ಹುಣ್ಣಾಗಬಹುದು ಅನ್ನೋದು ಬೇರೆ. ಪುಡಿ ಇಲ್ಲದ ದಿನ ಗಟ್ಟಿ ಸಮ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು, ನೇರವಾಗಿ ಹೋಗಿಬರುವ ಟ್ರಾಟ್‌ನ ವಿಡಿಯೋ ಮಾಡಿಡಿ. ಡಾಕ್ಟರ್ ಬಂದ ದಿನವೇ ಕುಂಟು ಕಾಣದಿದ್ದರೆ ತೋರಿಸೋಕೆ ಏನಾದರೂ ಇರುತ್ತದೆ.

ಇದೆಲ್ಲ ನಿಮ್ಮದರಂಥ ಹಗುರ ಕುಂಟಿಗೆ. ಕಾಲೇ ಊರದಿದ್ದರೆ ಲೆಕ್ಕ ಬೇರೆ, ಅದೇ ದಿನ ಡಾಕ್ಟರ್ ಬರಬೇಕು. ಹೆಚ್ಚಾಗಿ ಗೊರಸಿನೊಳಗೆ ಕೀವು ತುಂಬಿರುತ್ತದೆ, ಇಕ್ಕಳದಿಂದ ಒತ್ತಿ ನೋಡಿದರೇ ಗೊತ್ತಾಗುತ್ತದೆ, ಯಂತ್ರ ಬೇಕಾಗದೇ ಇರಬಹುದು. ಆದರೆ ಮೂಳೆ ಮುರಿದಿರುವ ಅನುಮಾನ ಇದ್ದರೆ ಬ್ಲಾಕ್ ಮಾಡಬಾರದು. ನೋವು ಹೋಯಿತು ಅಂತ ಕುದುರೆ ಪೂರ್ತಿ ಭಾರ ಹಾಕಿಬಿಟ್ಟರೆ ಸೀಳು ದೊಡ್ಡ ಮುರಿತವಾಗುತ್ತದೆ. ಅಲ್ಲಿ ಎಕ್ಸ್‌ರೇ ಮೊದಲು.

ಲಾಳ ಬಿಚ್ಚಿಸಿಡಲಾ ಅಂತಲೂ ಕೇಳಿದ್ದಿರಿ. ಬೇಡ. ಲಾಳ ಯಾವ ಕಡೆ ಸವೆದಿದೆ ಅಂತ ಡಾಕ್ಟರ್ ನೋಡಬೇಕು. ಅಭ್ಯಾಸ ಇಲ್ಲದ ಕುದುರೆ ಬರಿಗಾಲಲ್ಲಿ ಓಡಿದರೆ ಅಂಗಾಲು ನೊಂದು ಇನ್ನೊಂದು ಕುಂಟು ಸೇರಿಕೊಳ್ಳುತ್ತದೆ. ಎಂಆರ್‌ಐ ಅಂತ ತೀರ್ಮಾನವಾದರೆ ಆಗ ಬಿಚ್ಚಿಸಿ, ಮೊಳೆಯ ಚೂರೂ ಒಳಗೆ ಉಳಿಯದ ಹಾಗೆ. ಕಬ್ಬಿಣದ ಸಣ್ಣ ತುಣುಕಿದ್ದರೂ ಚಿತ್ರ ಕೆಡುತ್ತದೆ.