ಮೊದಲು ಪುಸ್ತಕ, ಆಮೇಲೆ ಸಿನಿಮಾ
ಭೈರಪ್ಪನವರ ‘ವಂಶವೃಕ್ಷ’ವನ್ನು ಓದುವ ಮೊದಲೇ ಸಿನಿಮಾ ನೋಡಬಹುದೇ ಎಂದು ಕೇಳಿದ್ದೀರಿ. ಮೈಸೂರಿನಲ್ಲಿದ್ದೀರಲ್ಲ, ಹಿಂದೆಮುಂದೆ ನೋಡದೆ ಕಾದಂಬರಿಯನ್ನೇ ಹಿಡಿಯಿರಿ. ವಿಧವೆ ಕಾತ್ಯಾಯನಿ ಕಾಲೇಜಿಗೆಂದು ನಂಜನಗೂಡಿನಿಂದ ಮೈಸೂರಿಗೆ ರೈಲು ಹತ್ತುತ್ತಾಳಲ್ಲ, ಆ ಓಡಾಟದಲ್ಲಿಯೇ ಅವಳ ಮನಸ್ಸು ಮಾವ ಶ್ರೋತ್ರಿಗಳ ಮನೆಯಿಂದ ನಿಧಾನವಾಗಿ ಕಳಚಿಕೊಳ್ಳುತ್ತದೆ. ಇತಿಹಾಸದ ಸಂಪುಟಗಳನ್ನು ಬರೆಯುತ್ತ ಸಂಸಾರವನ್ನೇ ಮರೆಯುವ ಸದಾಶಿವರಾಯರದು ಇನ್ನೊಂದು ಕಥೆ. ನನಗಂತೂ ಅದೇ ಹೆಚ್ಚು ಕಾಡಿತು. ಅದೆಲ್ಲಕ್ಕೂ ಸಿನಿಮಾದಲ್ಲಿ ಅಷ್ಟು ಬಿಡುವೆಲ್ಲಿ?

ಹಾಗೆಂದು ಬಿ.ವಿ. ಕಾರಂತ, ಗಿರೀಶ ಕಾರ್ನಾಡರು ಸೇರಿ ನಿರ್ದೇಶಿಸಿದ ಚಿತ್ರವನ್ನು ತಳ್ಳಿಹಾಕಬೇಡಿ. ಎಲ್.ವಿ. ಶಾರದಾ ಅವರ ಕಾತ್ಯಾಯನಿಗಾಗಿಯಾದರೂ ನೋಡಿ. ಅಂದಹಾಗೆ, ಸಣ್ಣ ಪಾತ್ರವೊಂದರಲ್ಲಿ ಎಳೆಯ ವಿಷ್ಣುವರ್ಧನ್ ಕೂಡ ಇದ್ದಾರೆ, ‘ನಾಗರಹಾವು’ ಬರುವುದಕ್ಕೂ ಮೊದಲಿನವರು.